ಮೂರು ಸಾವಿರದೊಳಗೆ ಫ್ಲಿಪ್-ಅಪ್ ಹೆಲ್ಮೆಟ್: ಕನ್ನಡಕದವನಿಗೆ ಯಾವುದು ಸರಿ?

ತುಂಗೆದಂಡೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಫ್ಲಿಪ್-ಅಪ್ ಹೆಲ್ಮೆಟ್ ತಗೋಬೇಕು. ಮುಂದಿನ ಗದ್ದದ ಭಾಗ ಪೂರ್ತಿ ಮೇಲಕ್ಕೆ ಏಳುತ್ತಲ್ಲ, ಅದು. ಕೆಲವರು ಮಾಡ್ಯುಲರ್ ಅಂತಾರೆ. ಬಜೆಟ್ ಮೂರು ಸಾವಿರ, ತೀರಾ ಬೇಕು ಅಂದರೆ ಮೂರೂವರೆ.

ದಿನಾ ಭದ್ರಾವತಿಗೆ ಹೋಗಿ ಬರ್ತೀನಿ, ಎರಡೂ ಹೊತ್ತು ಸೇರಿ ನಲವತ್ತು ಕಿಲೋಮೀಟರ್ ಆಸುಪಾಸು. ತಿಂಗಳಿಗೊಂದು ಸಲ ಆಗುಂಬೆ ಹತ್ತಿರ ಊರಿಗೆ. ಗಾಡಿ ಹಳೇ ಯೂನಿಕಾರ್ನ್, ಎಪ್ಪತ್ತು ದಾಟೋದೇ ಅಪರೂಪ.

ಫ್ಲಿಪ್-ಅಪ್ಪೇ ಯಾಕೆ ಅಂದರೆ ಕನ್ನಡಕ. ಮೈನಸ್ ಐದೂವರೆ. ಈಗಿರೋ ಫುಲ್ ಫೇಸ್ (ಗದ್ದದ ಭಾಗ ಮೇಲೇಳದ, ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್) ಹಾಕಬೇಕು ಅಂದರೆ ಮೊದಲು ಕನ್ನಡಕ ತೆಗಿ, ಟ್ಯಾಂಕ್ ಮೇಲಿಡು, ಹೆಲ್ಮೆಟ್ ತೂರಿಸು, ಆಮೇಲೆ ತಡಕಾಡಿ ಕನ್ನಡಕ ಹುಡುಕಿ ಸಂದಿಯಲ್ಲಿ ಸಿಗಿಸು. ಹೋದ ತಿಂಗಳು ಆಫೀಸ್ ಗೇಟಿನ ಹತ್ತಿರ ಟ್ಯಾಂಕ್ ಮೇಲಿಂದ ಜಾರಿ ಬಿತ್ತು, ಹಿಂದೆ ಬಂದ ಆಟೋ ಅದರ ಮೇಲೇ ಹತ್ತಿತು. ಹೊಸ ಕನ್ನಡಕಕ್ಕೆ ಕೊಟ್ಟ ದುಡ್ಡಲ್ಲಿ ಒಂದು ಹೆಲ್ಮೆಟ್ ಬರ್ತಿತ್ತು. ಯಾವುದು ನೋಡಲಿ?

ಕೆಆರ್‌ಪುರಂ_ಟ್ರಾಫಿಕ್ (ಬೆಂಗಳೂರು)

ಆ ದುಡ್ಡಿಗೆ ಒಳ್ಳೇ ಫುಲ್ ಫೇಸ್ ತಗೊಳಿ ಗುರು. ಮುಗೀತು.

ಸ್ಪ್ಯಾನರ್_ಭಟ್ಟ (ಸಿರಸಿ)

ಮೇಲಿನವರು ಒಂದೇ ಸಾಲಲ್ಲಿ ಮುಗಿಸಿದರು, ಆದರೆ ಅದರಲ್ಲಿ ವಿಷಯ ಇದೆ. ಫುಲ್ ಫೇಸ್ ಅಂದರೆ ಒಂದೇ ಚಿಪ್ಪು. ಕೊಟ್ಟ ದುಡ್ಡು ಚಿಪ್ಪಿಗೆ, ಒಳಗಿನ ಥರ್ಮಾಕೋಲಿಗೆ, ಗ್ಲಾಸಿಗೆ ಹೋಗ್ತದೆ. ಫ್ಲಿಪ್-ಅಪ್ಪಿನಲ್ಲಿ ಅದೇ ದುಡ್ಡಲ್ಲಿ ಎರಡು ತಿರುಗಣೆ, ಎರಡು ಕೊಂಡಿ, ಒಂದು ಬಟನ್, ಒಳಗೆ ಎಳೆಯೋ ತಂತಿ ಇಷ್ಟೂ ಆಗಬೇಕು. ಹಾಗಾಗಿ ಅಗ್ಗದ ಫ್ಲಿಪ್-ಅಪ್ಪಲ್ಲಿ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದಿರ್ತಾರೆ. ಎಲ್ಲಿ ಅಂತ ಕಂಡುಹಿಡಿಯೋದು ಕೊಳ್ಳೋರ ಕೆಲಸ.

ತೂಕಾನೂ ಜಾಸ್ತಿ. ಫುಲ್ ಫೇಸ್ ಸಾಮಾನ್ಯವಾಗಿ ಸಾವಿರದಿನ್ನೂರರಿಂದ ಸಾವಿರದೈನೂರು ಗ್ರಾಂ ಇದ್ದರೆ, ಇವು ಸಾವಿರದೈನೂರರಿಂದ ಮೇಲೆ ಸಾವಿರದೆಂಟುನೂರರವರೆಗೂ ಹೋಗ್ತವೆ. ಭದ್ರಾವತಿಗೆ ಪರವಾಗಿಲ್ಲ, ಊರಿಗೆ ಹೋಗೋ ದಿನ ಕುತ್ತಿಗೆಗೆ ಗೊತ್ತಾಗ್ತದೆ.

ಆದರೂ ನಾನು ಬೇಡ ಅನ್ನೋದಿಲ್ಲ. ನಾನೂ ಕನ್ನಡಕದವನೇ. ಫುಲ್ ಫೇಸ್ ಇದ್ದಾಗ ಹತ್ತಿರದ ಅಂಗಡಿಗೆ ಹೋಗೋದಾದರೆ ಈ ತಾಪತ್ರಯ ಯಾರಿಗೆ ಬೇಕು ಅಂತ ಹೆಲ್ಮೆಟ್ ಮನೇಲೇ ಬಿಟ್ಟು ಹೋಗ್ತಿದ್ದೆ. ಫ್ಲಿಪ್-ಅಪ್ ಬಂದ ಮೇಲೆ ಆ ಚಟ ಬಿಟ್ಟಿತು.

ಕಿತ್ತೂರ_ಗಾಡಿ (ಬೆಳಗಾವಿ)

ನಮ್ಮೂರಿನ ಹೆಲ್ಮೆಟ್ ಹೆಸರು ಯಾರೂ ತಗೀಲಿಲ್ಲಲ್ರೀ! ವೇಗಾ ಕಂಪನಿ ಬೆಳಗಾವಿದ ಐತಿ, ಭಾಳ ಮಂದಿಗೆ ಗೊತ್ತಿಲ್ಲ. ಆಕ್ಸರ್ ಅನ್ನೂದೂ ಅವರದ. ವೇಗಾ ಕ್ರಕ್ಸ್ ಅಂತ ಒಂದು ಫ್ಲಿಪ್-ಅಪ್ ಐತಿ, ವರ್ಷಾನಗಟ್ಟಲೆ ನಡದೈತಿ, ಎರಡು ಸಾವಿರದ ಆಚೀಚೆ ಸಿಗತೈತಿ. ಬೂಲಿಯನ್ ಅಂತ ಇನ್ನೊಂದು. ಸ್ಟಡ್ಸ್‌ನವರ ನಿಂಜಾ ಸರಣಿನೂ ಇದ ಥರಾ, ಅವರದು ಫರೀದಾಬಾದ್. ಎಸ್‌ಎಂಕೆ ಅನ್ನೂದು ಸ್ಟಡ್ಸ್‌ದವರದ ಮ್ಯಾಲಿನ ದರ್ಜೆ. ಅದರಾಗ ಗಲ್‌ವಿಂಗ್ ಅಂತ ಬರತೈತಿ, ಆದರ ನಿಮ್ಮ ಬಜೆಟ್ ದಾಟತೈತಿ.

ಬಿಡಿ ಭಾಗದ್ದೂ ಕೇಳ್ರಿ. ಗ್ಲಾಸ್ ಗೀಚು ಬಿದ್ದ ಮ್ಯಾಲೆ ಹೊಸಾದು ಸಿಗಬೇಕಲ್ರಿ. ಹೆಸರೇ ಕೇಳದ ಕಂಪನಿದು ತಗೊಂಡ್ರ ಎರಡು ವರ್ಷಕ್ಕ ಗ್ಲಾಸ್ ಹುಡಕೂದರಾಗ ಹೆಲ್ಮೆಟ್ಟ ಹಳೇದಾಗತೈತಿ.

ಕೆಆರ್‌ಪುರಂ_ಟ್ರಾಫಿಕ್ (ಬೆಂಗಳೂರು)

ಭಾರ ಇದ್ದಷ್ಟೂ ಗಟ್ಟಿ ಅಲ್ವಾ? ಹಾಗಾದರೆ ಫ್ಲಿಪ್-ಅಪ್ ಭಾರ ಅನ್ನೋದು ಪ್ಲಸ್ ಪಾಯಿಂಟೇ ತಾನೇ?

ಸ್ಪ್ಯಾನರ್_ಭಟ್ಟ (ಸಿರಸಿ)

ಅಲ್ಲ. ಪೆಟ್ಟು ತಿನ್ನೋದು ಒಳಗಿನ ಥರ್ಮಾಕೋಲ್. ಅದು ಜಜ್ಜಿ ಹೋಗ್ತಾ ಹೊಡೆತ ನುಂಗ್ತದೆ, ಆಮೇಲೆ ಹಿಂದಿನ ಆಕಾರಕ್ಕೆ ಬರೋದಿಲ್ಲ. ಹೊರಗಿನ ಚಿಪ್ಪು ಆ ಹೊಡೆತವನ್ನ ಅಗಲಕ್ಕೆ ಹರಡ್ತದೆ, ಚೂಪಾದ್ದು ಒಳಗೆ ತೂರದ ಹಾಗೆ ತಡೀತದೆ. ಹೆಲ್ಮೆಟ್ ಭಾರ ಜಾಸ್ತಿ ಆದರೆ ಕುತ್ತಿಗೆ ಮೇಲಿನ ಹೊರೆ ಜಾಸ್ತಿ, ಅಷ್ಟೇ. ಗಟ್ಟಿಗೂ ಭಾರಕ್ಕೂ ಇರೋ ನೆಂಟಸ್ತಿಕೆ ಕಲ್ಲುಚಪ್ಪಡಿ ಅಂಗಡಿಯಲ್ಲಿ ಸರಿ.

ಲೆಸ್ಟರ್_ಗೌಡ್ರು (ಇಂಗ್ಲೆಂಡ್)

ಮೂಲ ಹಾಸನ, ಈಗ ಇಲ್ಲಿ. ಇಲ್ಲಿ ಚಳಿ, ಮಳೆ ಜಾಸ್ತಿ ಅಂತ ಫ್ಲಿಪ್-ಅಪ್ ಹಾಕೋರು ಬಹಳ. ಇದು ಹೊಸ ಫ್ಯಾಷನ್ ಏನಲ್ಲ, ಬಿಎಂಡಬ್ಲ್ಯು 1981ರಲ್ಲೇ ಸಿಸ್ಟಂ ಹೆಲ್ಮೆಟ್ ಅಂತ ಮಾರುಕಟ್ಟೆಗೆ ಬಿಟ್ಟಿತ್ತು.

ಇಲ್ಲಿನ ಸಾರಿಗೆ ಇಲಾಖೆ ಶಾರ್ಪ್ ಅಂತ ಒಂದು ಯೋಜನೆ ನಡೆಸುತ್ತೆ. ಅಂಗಡಿಯಿಂದ ಹೆಲ್ಮೆಟ್ ತಂದು ಬಡಿದು ನೋಡಿ ಒಂದರಿಂದ ಐದು ನಕ್ಷತ್ರ ಕೊಡ್ತಾರೆ. ಫ್ಲಿಪ್-ಅಪ್ ಆದರೆ ಇನ್ನೊಂದು ಅಂಕಿ ಇರುತ್ತೆ: ಬಡಿದಾಗ ಚಿನ್‌ಬಾರ್ (ಮೇಲೇಳೋ ಆ ಗದ್ದದ ಭಾಗ) ಎಷ್ಟು ಪಾಲು ಸಲ ಲಾಕ್ ಆಗೇ ಉಳೀತು ಅಂತ ಶೇಕಡಾ ಲೆಕ್ಕ. ನೂರಕ್ಕೆ ನೂರು ಬಂದಿರೋದೂ ಇದಾವೆ, ಅದಕ್ಕಿಂತ ಬಹಳ ಕೆಳಗಿರೋದೂ ಇದಾವೆ. ನಕ್ಷತ್ರ ಚೆನ್ನಾಗಿದ್ದು ಲಾಕ್ ಸೋತಿರೋದೂ ಉಂಟು. ನಿಮ್ಮ ಬಜೆಟ್ಟಿನ ಭಾರತದ ಮಾಡೆಲ್‌ಗಳನ್ನ ಆ ಪಟ್ಟಿಯಲ್ಲಿ ಹುಡುಕಿ ಕೂರಬೇಡಿ. ನಾನು ಹೇಳಬೇಕು ಅಂದಿದ್ದು ಇಷ್ಟೇ, ಈ ಜಾತಿ ಹೆಲ್ಮೆಟ್ಟಲ್ಲಿ ಲಾಕ್ ಅನ್ನೋದೇ ಒಂದು ಬೇರೆ ಪರೀಕ್ಷೆ.

ಗದ್ದದ ಪಟ್ಟಿಯ ಮೇಲೆ ಯುರೋಪಿನ ಸುರಕ್ಷತಾ ಮಾನಕ ಇಸಿಇಯ ಲೇಬಲ್ ಇದ್ದರೆ ಸಂಖ್ಯೆಯ ಜತೆ ಅಕ್ಷರ ನೋಡಿ. ಪಿ ಅಂದರೆ ಗದ್ದ ಕಾಯುತ್ತೆ. ಜೆ ಅಂದರೆ ಮುಖ ತೆರೆದ ಹೆಲ್ಮೆಟ್. ಎರಡೂ ಸೇರಿ ಪಿ/ಜೆ ಅಂತ ಇದ್ದರೆ ಚಿನ್‌ಬಾರ್ ಎತ್ತಿಕೊಂಡೇ ಓಡಿಸೋದಕ್ಕೂ ಪರೀಕ್ಷೆ ಆಗಿದೆ ಅಂತ. ಎನ್‌ಪಿ ಅಂತ ಇದ್ದರೆ ಆ ಗದ್ದದ ಭಾಗ ಬರೀ ಅಲಂಕಾರ.

ಚಾರ್ಮಾಡಿ_ಮಂಜು (ಪುತ್ತೂರು)

ಗೌಡ್ರೇ, ಇಲ್ಲಿ ಕೆಲವು ಅಗ್ಗದ ಹೆಲ್ಮೆಟ್ ಹಿಂದೆ ಡಾಟ್ ಸ್ಟಿಕ್ಕರ್ ಅಂಟಿಸಿ ಅಮೆರಿಕದ್ದು ಅಂತ ಕೊಡ್ತಾರಲ್ಲ, ಅದು ಏನಾದ್ರೂ ಉಂಟಾ?

ಲೆಸ್ಟರ್_ಗೌಡ್ರು (ಇಂಗ್ಲೆಂಡ್)

ಡಾಟ್ ಅಮೆರಿಕದ ಮಾನಕ, ಸುಳ್ಳಲ್ಲ. ಆದರೆ ಅಲ್ಲಿ ಕಂಪನಿಯೇ ಪಾಸು ಅಂತ ಘೋಷಿಸಿಕೊಂಡು ಗುರುತು ಹಾಕೋ ಪದ್ಧತಿ, ಸರ್ಕಾರ ಆಮೇಲೆ ಬೇಕಾದ್ದನ್ನ ಎತ್ತಿ ನೋಡುತ್ತೆ. ಮುಖ್ಯವಾಗಿ ಅದರಲ್ಲಿ ಚಿನ್‌ಬಾರ್‌ಗೆ ಹೊಡೆತದ ಪರೀಕ್ಷೆಯೇ ಇಲ್ಲ. ಫ್ಲಿಪ್-ಅಪ್ ಕೊಳ್ಳೋರಿಗೆ ಅದರಿಂದ ಉಪಯೋಗ ಕಮ್ಮಿ. ಬರೀ ಸ್ಟಿಕ್ಕರ್ ಅಂತೂ ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಪಿಲಿಯನ್_ಅಕ್ಕ (ಮೈಸೂರು)

ಭಾರತದಲ್ಲಿ ಐಎಸ್‌ಐ ಗುರುತು ಇರಲೇಬೇಕು. 2021ರ ಜೂನ್ 1ರಿಂದ ಅದಿಲ್ಲದ ಹೆಲ್ಮೆಟ್ ತಯಾರಿಸೋದೂ ಮಾರೋದೂ ತಪ್ಪು. ಆದರೆ ರಿಂಗ್ ರೋಡ್ ಪಕ್ಕ ಹಗ್ಗಕ್ಕೆ ನೇತುಹಾಕಿರೋ ಇನ್ನೂರೈವತ್ತು ರೂಪಾಯಿದರ ಮೇಲೂ ಐಎಸ್‌ಐ ಅಂತ ಇರುತ್ತೆ. ಅದಕ್ಕೆ ನಾನು ಮಾಡೋದು ಇದು: ಗುರುತಿನ ಮೇಲ್ಗಡೆ ಐಎಸ್ 4151 ಅಂತ (ಹೆಲ್ಮೆಟ್ಟಿನ ಮಾನಕದ ನಂಬರ್) ಇರಬೇಕು, ಕೆಳಗೆ ಸಿಎಂ/ಎಲ್ ಅಂತ ಶುರುವಾಗಿ ಒಂದು ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನೋ ಸರ್ಕಾರದ ಆ್ಯಪ್‌ನಲ್ಲಿ ಆ ನಂಬರ್ ಹಾಕಿ. ಯಾವ ಕಂಪನಿಗೆ ಕೊಟ್ಟ ಪರವಾನಗಿ ಅಂತ ಬರುತ್ತೆ. ಹೆಲ್ಮೆಟ್ ಮೇಲಿನ ಹೆಸರಿಗೂ ಅದಕ್ಕೂ ತಾಳೆ ಆಗದಿದ್ದರೆ ಎದ್ದು ಬನ್ನಿ. ಅಂಗಡಿಯವರ ಎದುರಿಗೇ ಮಾಡಿ, ನಾಚಿಕೆ ಬೇಡ.

ಇನ್ನೊಂದು ಮಾತು, ಹೆಣ್ಣುಮಕ್ಕಳು ಓದ್ತಿದ್ದರೆ. ಫುಲ್ ಫೇಸ್ ಹಾಕಿ ತೆಗೆಯೋವಾಗ ಓಲೆ ಸಿಕ್ಕಿಕೊಂಡು ಕಿವಿ ಹರಿದ ಹಾಗಾಗೋದು ನಮಗೆ ಗೊತ್ತು. ಫ್ಲಿಪ್-ಅಪ್ಪಲ್ಲಿ ಅದು ಅರ್ಧ ಕಮ್ಮಿ. ಆದರೆ ತುರುಬು ಕಟ್ಟಿಕೊಂಡು ಅಳತೆ ನೋಡಬೇಡಿ. ಹಿಂದೆ ಗಂಟಿದ್ದರೆ ಹೆಲ್ಮೆಟ್ ಹಣೆ ಕಡೆಗೆ ಜಾರಿ ಕೂರುತ್ತೆ. ಜಡೆ ಹೆಣೆದು ಕೆಳಗೆ ಬಿಟ್ಟು ನೋಡಿ.

ತುಂಗೆದಂಡೆ (ಶಿವಮೊಗ್ಗ)

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ, ಧನ್ಯವಾದ. ಟೇಪ್ ಹಿಡಿದು ಅಳೆದೆ: ಹುಬ್ಬಿನ ಮೇಲಿಂದ ಹಿಂದಿನ ಉಬ್ಬಿನವರೆಗೆ ಸುತ್ತಿ 59 ಸೆಂಟಿಮೀಟರ್. ಇದು ಎಲ್ ತಾನೇ? ಇಷ್ಟು ವರ್ಷ ಎಕ್ಸ್‌ಎಲ್ ಹಾಕ್ತಿದ್ದೆ, ಸಡಿಲ ಇದ್ದರೆ ಆರಾಮ ಅಂತ.

ಸ್ಪ್ಯಾನರ್_ಭಟ್ಟ (ಸಿರಸಿ)

ಹೆಚ್ಚಿನ ಕಂಪನಿಗಳಲ್ಲಿ 59-60 ಅಂದರೆ ಎಲ್. ಆದರೆ ಕಂಪನಿಯಿಂದ ಕಂಪನಿಗೆ ಒಂದೊಂದು ಸೆಂಟಿಮೀಟರ್ ಆಚೀಚೆ ಆಗ್ತದೆ, ತಲೆಯ ಆಕಾರಾನೂ ಬೇರೆ ಬೇರೆ. ಕೆಲವರದು ದುಂಡು, ಕೆಲವರದು ಹಿಂದಕ್ಕೆ ಉದ್ದ. ಸುತ್ತಳತೆ ಒಂದೇ ಇದ್ದರೂ ಒಬ್ಬನಿಗೆ ಹಣೆ ಒತ್ತುತ್ತದೆ, ಇನ್ನೊಬ್ಬನಿಗೆ ಕಣತಲೆ ಮೇಲೆ. ಅದಕ್ಕೇ ಆನ್‌ಲೈನಲ್ಲಿ ತರಿಸಬೇಡಿ ಅನ್ನೋದು.

ಅಂಗಡಿಯಲ್ಲಿ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಹಾಗೇ ಇರಿ. ಮಾತಾಡಿ, ರೇಟು ಚೌಕಾಸಿ ಮಾಡಿ. ಕೆನ್ನೆ ಒಳಗಿಂದ ಹಲ್ಲಿಗೆ ತಾಗೋ ಹಾಗೆ ಬಿಗಿ ಇದ್ದರೆ ಸರಿ, ಮೆತ್ತೆ ಸ್ವಲ್ಪ ದಿನದಲ್ಲಿ ಕೂತುಕೊಳ್ತದೆ. ಹಣೆ ಮೇಲೆ ಒಂದೇ ಜಾಗದಲ್ಲಿ ಚುಚ್ಚಿದರೆ ಅದು ಸರಿಹೋಗೋದಿಲ್ಲ. ಪಟ್ಟಿ ಬಿಗಿದು ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ. ತಲೆಯಿಂದ ಕಳಚಿ ಬಂದರೆ ಅದು ನಿಮ್ಮ ಅಳತೆ ಅಲ್ಲ.

ಹಂಪ್_ಕಂಡಿಲ್ಲ (ತುಮಕೂರು)

ಓದ್ತಾ ಇದ್ದೆ, ಬರೆಯೋದೋ ಬೇಡವೋ ಅಂತ. ಲಾಕಿನ ವಿಷಯ ಬಂದಿದ್ದರಿಂದ ಬರೀತೀನಿ.

ಎರಡು ವರ್ಷದ ಹಿಂದೆ ಗುಬ್ಬಿ ರಸ್ತೆಯಲ್ಲಿ ರಾತ್ರಿ ಬಿದ್ದೆ. ಸ್ಪೀಡ್ ಜಾಸ್ತಿ ಇರಲಿಲ್ಲ, ನಲವತ್ತರ ಹತ್ತಿರ. ಬಣ್ಣ ಬಳಿಯದ ಹಂಪ್. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋದೆ. ತಲೆಗೆ ಏನೂ ಆಗಲಿಲ್ಲ. ಆದರೆ ಗದ್ದಕ್ಕೆ ಆರು ಹೊಲಿಗೆ, ಕೆಳಗಿನ ಎರಡು ಹಲ್ಲು ಹೋದವು. ಫ್ಲಿಪ್-ಅಪ್ ಹೆಲ್ಮೆಟ್, ಐಎಸ್‌ಐ ಇತ್ತು, ಹೆಸರಿರೋ ಕಂಪನಿಯದೇ. ಯಾವುದು ಅಂತ ಕೇಳಬೇಡಿ, ಹೇಳಲ್ಲ. ನೆಲಕ್ಕೆ ತಾಗಿದ ಕೂಡಲೇ ಚಿನ್‌ಬಾರ್ ಮೇಲಕ್ಕೆ ಹಾರಿತ್ತು.

ಮೊದಮೊದಲು ಕಂಪನಿಗೆ ಬಾಯಿಗೆ ಬಂದ ಹಾಗೆ ಬೈದೆ. ಆಸ್ಪತ್ರೆಯಿಂದ ಬಂದ ಮೇಲೆ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಎಡಗಡೆ ಕೊಂಡಿಯ ಪಿನ್ ಬಾಗಿದೆ, ಅದು ಹಿಡಿದಿದೆ ಪಾಪ. ಬಲಗಡೆ ಪಿನ್ ಮೇಲೆ ಒಂದು ಗೀರೂ ಇಲ್ಲ. ಅಂದರೆ ಬಲಗಡೆ ಲಾಕ್ ಬಿದ್ದೇ ಇರಲಿಲ್ಲ. ನನ್ನ ಅಭ್ಯಾಸ ಹೇಗಿತ್ತು ಅಂದರೆ ಹೊರಡೋವಾಗ ಬಲಗೈ ಆಕ್ಸಿಲರೇಟರ್ ಮೇಲೆ, ಎಡಗೈಯಲ್ಲಿ ಚಿನ್‌ಬಾರಿನ ಮೂಲೆ ಹಿಡಿದು ಎಳೆದುಬಿಡೋದು. ಟಕ್ ಅಂತ ಸದ್ದು ಬರ್ತಿತ್ತು. ಒಂದೇ ಟಕ್. ಎರಡು ಬರಬೇಕಿತ್ತು ಅಂತ ಆಗ ಗೊತ್ತಿರಲಿಲ್ಲ.

ಇದರಲ್ಲಿ ತಪ್ಪು ಯಾರದು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದು ಕಡೆ ಮಾತ್ರ ಲಾಕ್ ಬಿದ್ದರೂ ಮುಚ್ಚಿದ ಹಾಗೆ ಕಾಣೋ ವಸ್ತುವನ್ನ ಮಾಡಿದ್ದು ಅವರು. ನೋಡದೆ ಹೊರಟಿದ್ದು ನಾನು.

ಚಾರ್ಮಾಡಿ_ಮಂಜು (ಪುತ್ತೂರು)

ಅಯ್ಯೋ ಮಾರಾಯ್ರೇ. ಈಗ ಹೇಗಿದ್ದೀರಿ?

ನಾನು ಈಗಷ್ಟೇ ಎದ್ದು ಹೋಗಿ ನನ್ನದನ್ನು ನೋಡಿಕೊಂಡು ಬಂದೆ. ಮೂಲೆ ಹಿಡಿದು ಎಳೆದರೆ ನಂದೂ ಒಂದೇ ಕಡೆ ಲಾಕ್ ಆಗ್ತದೆ. ಮಧ್ಯದಲ್ಲಿ ಒತ್ತಿದರೆ ಎರಡೂ ಕಡೆ ಕೂರ್ತದೆ. ಆರು ವರ್ಷದಿಂದ ಹಾಕ್ತಾ ಇದ್ದೇನೆ!

ಹಂಪ್_ಕಂಡಿಲ್ಲ (ತುಮಕೂರು)

ಈಗ ಚೆನ್ನಾಗಿದ್ದೀನಿ ಸರ್. ಹಲ್ಲು ಕಟ್ಟಿಸಿದೆ. ಆರು ವರ್ಷ ಆಗಿದ್ದರೆ ಅದನ್ನ ಬದಲಾಯಿಸಿ. ಐದು ವರ್ಷಕ್ಕೆ ಬದಲಾಯಿಸಿ ಅಂತಾರೆ.

ನಾನು ಈಗಲೂ ಫ್ಲಿಪ್-ಅಪ್ಪೇ ಹಾಕೋದು, ನಂಬ್ತೀರೋ ಇಲ್ಲವೋ. ಈಗಿನದಕ್ಕೆ ಕೊಂಡಿ, ಪಿನ್ ಎರಡೂ ಲೋಹದ್ದು. ಮಧ್ಯಕ್ಕೆ ಅಂಗೈ ಇಟ್ಟು ಒತ್ತಿ, ಆಮೇಲೆ ಬಟನ್ ಮುಟ್ಟದೆ ಚಿನ್‌ಬಾರನ್ನ ಮೇಲಕ್ಕೆ ಒಂದು ಸಲ ತಳ್ಳಿ ನೋಡಿಯೇ ಗೇರ್ ಹಾಕೋದು.

ಕಿತ್ತೂರ_ಗಾಡಿ (ಬೆಳಗಾವಿ)

ಅದಕ್ಕ ಹೇಳೂದು, ಹೆಲ್ಮೆಟ್ ಹಿಡಕೊಂಡು ತಿರಗೂಮುಂದ ಚಿನ್‌ಬಾರ್‌ದಾಗ ಕೈ ಹಾಕಿ ಜೋಲಿ ಹೊಡಸಬ್ಯಾಡ್ರಿ. ಎಲ್ಲಾರೂ ಕಾಯಿಪಲ್ಲೆ ಚೀಲ ಹಿಡದಂಗ ಹಿಡಕೊಂಡು ಹೊಂಟಿರ್ತಾರ. ಎಲ್ಲಾ ಭಾರ ಆ ಕೊಂಡಿ ಮ್ಯಾಲ ಬೀಳತೈತಿ, ಸವದು ಸಡಲಾಗತೈತಿ. ಕನ್ನಡಿಗೆ ಸಿಗಸಿ ಇಡೂದೂ ಬ್ಯಾಡ, ಒಳಗಿನ ಥರ್ಮಾಕೋಲ್ ತಗ್ಗು ಬೀಳತೈತಿ.

ಕೆಆರ್‌ಪುರಂ_ಟ್ರಾಫಿಕ್ (ಬೆಂಗಳೂರು)

ಎತ್ತಿಕೊಂಡೇ ಓಡಿಸಿದರೆ ಏನಾಗುತ್ತೆ? ಸಿಲ್ಕ್ ಬೋರ್ಡ್ ಸೆಕೆಯಲ್ಲಿ ಎಲ್ಲರೂ ಎತ್ತಿಕೊಂಡೇ ಇರ್ತಾರೆ.

ಲೆಸ್ಟರ್_ಗೌಡ್ರು (ಇಂಗ್ಲೆಂಡ್)

ಸಿಗ್ನಲ್ಲಲ್ಲಿ ನಿಂತಾಗ ಎತ್ತಿ, ಹಸಿರು ಬಿದ್ದ ಕೂಡಲೇ ಇಳಿಸಿ. ಎತ್ತಿದ್ದರೆ ಗದ್ದಕ್ಕೆ ರಕ್ಷಣೆ ಇಲ್ಲ, ಜತೆಗೆ ಭಾರ ಎಲ್ಲಾ ಹಣೆ ಮೇಲೆ ಹೋಗಿರುತ್ತೆ, ಗಾಳಿ ಬಂದರೆ ಹಾಯಿ ಕಟ್ಟಿದ ಹಾಗೆ ತಲೆ ಹಿಂದಕ್ಕೆ ಎಳೆಯುತ್ತೆ. ಎಲ್‌ಎಸ್2 ವ್ಯಾಲಿಯಂಟ್‌ನಂಥವುಗಳಲ್ಲಿ ಚಿನ್‌ಬಾರ್ ಪೂರ್ತಿ ಹಿಂದಕ್ಕೆ ಹೋಗಿ ಕೂರುತ್ತೆ, ಅವು ಪಿ/ಜೆ. ಮೂರು ಸಾವಿರಕ್ಕೆ ಅದು ಸಿಗೋದಿಲ್ಲ, ಮರೆತುಬಿಡಿ.

ಚಾರ್ಮಾಡಿ_ಮಂಜು (ಪುತ್ತೂರು)

ಆಗುಂಬೆ ಕಡೆ ಹೋಗ್ತೀರಿ ಅಂದ್ರಲ್ಲ ತುಂಗೆಯವರೇ, ಮಂಜಿನ ವಿಷಯ ನಾನು ಹೇಳ್ತೇನೆ. ಮಳೆಗಾಲದಲ್ಲಿ ಘಾಟಿ ಹತ್ತುವಾಗ ಗ್ಲಾಸು ಒಳಗಿಂದ ಹಬೆ ಹಿಡೀತದೆ, ಕನ್ನಡಕವೂ ಹಿಡೀತದೆ. ಎರಡು ಪರದೆ. ಎದುರಿಂದ ಬಸ್ಸು ಬರುವುದು ದೀಪದಲ್ಲೇ ಗೊತ್ತಾಗಬೇಕು.

ಉಸಿರು ಮೇಲಕ್ಕೆ ಹೋಗದ ಹಾಗೆ ಮೂಗಿನ ಹತ್ತಿರ ಒಂದು ರಬ್ಬರ್ ತಡೆ ಇರ್ತದೆ, ಗದ್ದದ ಕೆಳಗೆ ಬಟ್ಟೆಯ ಪರದೆ. ಮೂಗಿನದ್ದು ಇರಬೇಕು. ಗ್ಲಾಸು ಒಂದೇ ಹಲ್ಲಿನಷ್ಟು, ಅಂದ್ರೆ ಬೆರಳು ತೂರುವಷ್ಟು ತೆರೆದು ನಿಲ್ಲುವ ಹಾಗೆ ಇರಬೇಕು. ಕೆಲವು ಅಗ್ಗದ್ದು ಒಂದೋ ಪೂರ್ತಿ ಮುಚ್ಚಿರ್ತದೆ, ಇಲ್ಲ ಪೂರ್ತಿ ಮೇಲೆ, ನಡುವೆ ನಿಲ್ಲುವುದೇ ಇಲ್ಲ. ಪಿನ್‌ಲಾಕ್ ಅಂತ ಒಳಗೆ ಹಾಕುವ ಎರಡನೇ ಪದರ ಬರ್ತದೆ, ಅದು ಬಹಳ ಚೆಂದ, ಆದ್ರೆ ಅದಕ್ಕೆ ಗ್ಲಾಸಿನಲ್ಲಿ ಮೊದಲೇ ಎರಡು ಮೊಳೆ ಇರಬೇಕು. ಈ ಬೆಲೆಯಲ್ಲಿ ಸಿಕ್ಕಿದ್ರೆ ನಿಮ್ಮ ಅದೃಷ್ಟ.

ಕಪ್ಪು ಗ್ಲಾಸು ಮಾತ್ರ ಬೇಡವೇ ಬೇಡ. ಅಂಗಡಿಯವರು ಅದನ್ನೇ ಹಾಕಿ ಇಟ್ಟಿರ್ತಾರೆ, ಚೆಂದ ಕಾಣ್ತದೆ ಅಂತ. ಸಂಜೆ ಆರು ಗಂಟೆಗೆ ಘಾಟಿಯಲ್ಲಿ ಅದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಸ್ಪ್ಯಾನರ್_ಭಟ್ಟ (ಸಿರಸಿ)

ಒಳಗಡೆ ಇಳಿಯೋ ಇನ್ನೊಂದು ಕಪ್ಪು ಗ್ಲಾಸ್ ಇರೋದು ಬಂದರೆ ಕನ್ನಡಕ ಹಾಕಿಕೊಂಡೇ ಇಳಿಸಿ ನೋಡಿ. ನನ್ನ ಹಿಂದಿನದರಲ್ಲಿ ಅದು ಸೀದಾ ಕನ್ನಡಕದ ಮೇಲೆ ಬಂದು ಕೂರ್ತಿತ್ತು.

ಕನ್ನಡಕದ ಕಡ್ಡಿಯೂ ಮುಖ್ಯ. ಕಿವಿ ಹಿಂದೆ ಕೊಕ್ಕೆಯ ಹಾಗೆ ಬಾಗಿದ ದಪ್ಪ ಪ್ಲಾಸ್ಟಿಕ್ ಕಡ್ಡಿ ಇದ್ದರೆ ಯಾವ ಹೆಲ್ಮೆಟ್ಟೂ ಅರ್ಧ ಗಂಟೆಯಲ್ಲಿ ತಲೆನೋವು ತರಿಸ್ತದೆ. ತೆಳ್ಳಗೆ ನೇರ ಇರೋ ಕಡ್ಡಿ ಬೇಕು.

ತುಂಗೆದಂಡೆ (ಶಿವಮೊಗ್ಗ)

ಹನ್ನೆರಡು ದಿನ ಆಯ್ತು, ಬಂದು ವರದಿ ಒಪ್ಪಿಸ್ತಿದೀನಿ.

ಬಿ.ಎಚ್. ರಸ್ತೆಯಲ್ಲಿ ಮೂರು ಅಂಗಡಿ ಹತ್ತಿದೆ. ಮೊದಲನೇದರಲ್ಲಿ ಸಾವಿರದ ನೂರಕ್ಕೆ ಒಂದು ಫ್ಲಿಪ್-ಅಪ್ ತೋರಿಸಿದರು, ಫಳಫಳ ಅಂತಿತ್ತು. ಅಕ್ಕ ಹೇಳಿದ ಹಾಗೆ ಆ್ಯಪ್ ತೆಗೆದು ನಂಬರ್ ಹೊಡೆದೆ. ಏನೂ ಬರಲಿಲ್ಲ. ಅಂಗಡಿಯವರು "ನೆಟ್‌ವರ್ಕ್ ಇಲ್ಲ ಸರ್ ಇಲ್ಲಿ" ಅಂದರು. ಪಕ್ಕದಲ್ಲೇ ಇದ್ದ ಇನ್ನೊಂದು ಹೆಲ್ಮೆಟ್ಟಿನ ನಂಬರ್ ಹೊಡೆದರೆ ತಕ್ಷಣ ಬಂತು. ಅವರೂ ನಕ್ಕರು, ನಾನೂ ನಕ್ಕೆ, ಹೊರಗೆ ಬಂದೆ.

ಎರಡನೇ ಅಂಗಡಿಯವರು ಹಾಕಿ ನೋಡೋಕೇ ಬಿಡಲಿಲ್ಲ. ಕವರ್ ಬಿಚ್ಚಿದರೆ ತಗೋಬೇಕು ಅಂದರು.

ಮೂರನೇದರಲ್ಲಿ ಒಬ್ಬರು ವಯಸ್ಸಾದ ಯಜಮಾನರು. ಸ್ಟೂಲ್ ಹಾಕಿ ಕೂರಿಸಿ, ನಾಲ್ಕು ಮಾಡೆಲ್ ಮುಂದಿಟ್ಟು, ಟೀ ತರಿಸಿಕೊಟ್ಟರು. ಚಿನ್‌ಬಾರ್ ಎತ್ತಿ ಹೆಲ್ಮೆಟ್ ಹಾಕಿಕೊಂಡೇ ಟೀ ಕುಡಿದೆ, ಆಗಲೇ ಅರ್ಧ ಮನಸ್ಸು ಒಪ್ಪಿತ್ತು. ಎರಡು ಮಾಡೆಲ್ಲಲ್ಲಿ ಹಣೆ ಚುಚ್ಚಿತು. ಒಂದರಲ್ಲಿ ಮೂಲೆ ಹಿಡಿದು ಎಳೆದು ನೋಡಿದೆ, ತುಮಕೂರಿನವರು ಹೇಳಿದ ಒಂಟಿ ಟಕ್. ನನಗೆ ಕೂತಿದ್ದು ವೇಗಾ ಕ್ರಕ್ಸ್, ಎಲ್ ಸೈಜು, ಬಿಳಿ ಬಣ್ಣ, ಬಿಳಿ ಗ್ಲಾಸು. ಎರಡು ಸಾವಿರದೊಳಗೇ ಆಯ್ತು. ಕಿತ್ತೂರಿನವರಿಗೆ ಖುಷಿ ಆಗಿರಬೇಕು.

ಉಳಿದ ದುಡ್ಡಲ್ಲಿ ಒಂದು ಸಾವಿರ ಚಿಲ್ಲರೆ ಕನ್ನಡಕದ ಅಂಗಡಿಗೆ ಹೋಯ್ತು. ಅದೇ ಗ್ಲಾಸಿಗೆ ನೇರ ಕಡ್ಡಿಯ ತೆಳು ಫ್ರೇಮ್ ಹಾಕಿಸಿದೆ. ನಿಜ ಹೇಳಬೇಕು ಅಂದರೆ ಹೆಲ್ಮೆಟ್ಟಿಗಿಂತ ಜಾಸ್ತಿ ವ್ಯತ್ಯಾಸ ಆಗಿದ್ದು ಇದರಿಂದ.

ಮೊದಲ ವಾರ ಕೆನ್ನೆ ಬಿಗಿ, ಎಕ್ಸ್‌ಎಲ್‌ನಿಂದ ಬಂದವನಿಗೆ ಉಸಿರು ಕಟ್ಟಿದ ಹಾಗೆ. ಈಗ ಸರಿ ಹೋಗಿದೆ. ಅರವತ್ತರ ಮೇಲೆ ಗಾಳಿ ಸದ್ದು ಹಳೇ ಫುಲ್ ಫೇಸಿಗಿಂತ ಹೆಚ್ಚು, ಅದನ್ನ ಒಪ್ಪಿಕೊಂಡೇ ತಗೊಂಡಿದ್ದು. ಆಗುಂಬೆ ಪರೀಕ್ಷೆ ಇನ್ನೂ ಬಾಕಿ, ಮಳೆ ಹಿಡೀಲಿ.

ಪಿಲಿಯನ್_ಅಕ್ಕ (ಮೈಸೂರು)

ಒಳ್ಳೇದಾಯ್ತು. ಹಿಂದೆ ಕೂರೋರಿಗೆ? ಕರ್ನಾಟಕದಲ್ಲಿ 2016ರಿಂದ ಅವರಿಗೂ ಕಡ್ಡಾಯ. ನಿಮ್ಮ ಆ ಹಳೇ ಎಕ್ಸ್‌ಎಲ್ ಮನೆಯವರ ತಲೆಗೆ ಹಾಕಿಸಬೇಡಿ ಮತ್ತೆ.

ಹಂಪ್_ಕಂಡಿಲ್ಲ (ತುಮಕೂರು)

ಹಳೇದು ಯಾವತ್ತಾದರೂ ಬಿದ್ದಿತ್ತಾ? ಬಿದ್ದಿದ್ದರೆ ಯಾರಿಗೂ ಕೊಡಬೇಡಿ, ಪಟ್ಟಿ ಕತ್ತರಿಸಿಬಿಡಿ. ಹಾಗೇ ಎಸೆದರೆ ಯಾರೋ ಎತ್ತಿಕೊಂಡು ಹಾಕ್ತಾರೆ.

ತುಂಗೆದಂಡೆ (ಶಿವಮೊಗ್ಗ)

ಬಿದ್ದಿತ್ತು ಸರ್, ಎರಡು ಸಲ. ಪಟ್ಟಿ ಕತ್ತರಿಸಿದೆ. ಮನೆಯವಳ ತಲೆ 55 ಸೆಂಟಿಮೀಟರ್, ಭಾನುವಾರ ಅದೇ ಯಜಮಾನರ ಅಂಗಡಿಗೆ ಕರಕೊಂಡು ಹೋಗ್ತಿದೀನಿ. ಹಳೇ ಹೆಲ್ಮೆಟ್ಟನ್ನ ಅಮ್ಮ ಬೋರಲು ತಿರುಗಿಸಿ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದಾರೆ, ಚಿಗುರಿದೆ.